ಒಳ್ಳೆಯ ಎಲೆ ಬಂದಾಗ

ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿಯನ್ನೂ ನೀತಿಯನ್ನೂ ಹೇಳಿಕೊಟ್ಟ ಹಳ್ಳಿಯ ಮುಖ್ಯೋಪಾಧ್ಯಾಯನೊಬ್ಬನು ಇಸ್ಪೀಟಿನ ಆಟವನ್ನು ಕುರಿತು ಬರೆಯಲು ಕುಳಿತನೆಂದರೆ ಓದುಗರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿಯಾರು. ಅವರ ಅಸಮಾಧಾನ ನ್ಯಾಯವಾದುದೇ. ಒಂದು ಕಾಲಕ್ಕೆ ನಾನೂ ಹಾಗೆಯೇ ಗಂಟಿಕ್ಕಿದವನು. ಆದರೂ ನಮ್ಮ ಮನೆಯ ಚಾವಡಿಯಲ್ಲಿ ನಡೆದುದನ್ನು ಬರೆದಿಡುವುದರಿಂದ, ದೂರದ ಊರುಗಳಲ್ಲಿ ಮಕ್ಕಳನ್ನು ಬಿಟ್ಟಿರುವ ಗಡಿನಾಡಿನ ಕೆಲವು ತಾಯ್ತಂದೆಯರಿಗಾದರೂ ಪ್ರಯೋಜನವಾದೀತೆಂದು ಧೈರ್ಯಮಾಡಿದ್ದೇನೆ.

ಎಲೆಗಳ ಪರಿಚಯ ನನಗೆ ಇರಲಿಲ್ಲವೆಂದಲ್ಲ. ಮಳೆಗಾಲದ ರಾತ್ರಿಗಳಲ್ಲಿ, ಮದುವೆಮನೆಯ ಜಾಗರಣೆಗಳಲ್ಲಿ ನಮ್ಮ ಕಾಸರಗೋಡು ಸೀಮೆಯಲ್ಲಿ ‘ಇಪ್ಪತ್ತೆಂಟು’ ಆಡದವರು ವಿರಳ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಯದೂ ಕೂಡಿದರೆ ಇಪ್ಪತ್ತೆಂಟು. ಕೂಡಿಸುವ ಲೆಕ್ಕ ನನಗೆ ಶಾಲೆಗಿಂತ ಮೊದಲು ಬಂದುದು ಅಲ್ಲಿಯೇ. ಆದರೆ ಅಜ್ಜನ ಕಟ್ಟಪ್ಪಣೆಯೊಂದಿತ್ತು: ಎಲೆ ಹಿಡಿದ ಕೈ ದುಡ್ಡು ಹಿಡಿಯಕೂಡದು. ಆ ಅಪ್ಪಣೆಯನ್ನು ಮೀರುವ ಪ್ರಸಂಗ ನಮ್ಮ ಕುಟುಂಬದಲ್ಲಿ ಎರಡು ತಲೆಮಾರು ಬರಲಿಲ್ಲ.

ಬಂದುದು 2024ರ ಆಟಿ ತಿಂಗಳಲ್ಲಿ. ನನ್ನ ತಂಗಿ ವಿಧವೆ. ನಮ್ಮ ಹಿತ್ತಿಲಿಗೆ ತಾಗಿಕೊಂಡಂತೆ ಅವಳ ಮನೆ, ಒಂದಿಷ್ಟು ಅಡಿಕೆ ತೋಟ. ಒಬ್ಬನೇ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಆ ಜುಲೈ ತಿಂಗಳಲ್ಲಿ ಅವನು ‘ಮನೆಯಿಂದಲೇ ಕೆಲಸ’ ಎಂದು ಹೇಳಿಕೊಂಡು ಊರಿಗೆ ಬಂದ. ಬಂದ ನಾಲ್ಕನೆಯ ದಿನ ಬ್ಯಾಂಕಿನಿಂದ ಬಂದ ಕಾಗದವೊಂದು ತಂಗಿಯ ಕೈಗೆ ಸಿಕ್ಕಿತು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಜಡಿಮಳೆಯಲ್ಲಿ ಕೊಡೆಯನ್ನೂ ಹಿಡಿಯದೆ ನನ್ನಲ್ಲಿಗೆ ಬಂದಳು. ಮೂರು ಲಕ್ಷದ ಎಂಬತ್ತು ಸಾವಿರ ರೂಪಾಯಿ ಸಾಲ. ಕೇಳಿದಾಗ ಹುಡುಗ ಅಡಗಿಸಲಿಲ್ಲ. ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಿನ ಆಟವಾಡಿ ಕಳೆದುಕೊಂಡೆನೆಂದ.

ನಾನು ಬೈಯಲು ಬಾಯಿ ತೆರೆದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: “ಮಾವಾ, ಅದು ಬರೇ ಜೂಜಲ್ಲ, ಲೆಕ್ಕದ ಆಟ. ನೋಡದೆ ಬೈಯಬೇಡಿ.”

‘ನೋಡದೆ ಬೈಯಬೇಡಿ’ ಎಂಬುದು ನಾನು ಎಷ್ಟೋ ಬಾರಿ, ತರಗತಿಯೊಳಗೆ ಕಾಲಿಡದೆ ಷರಾ ಬರೆಯುವ ಮೇಲಧಿಕಾರಿಗಳ ಮುಂದೆ ಹೇಳಿದ ಮಾತು. ಅದನ್ನು ನನ್ನ ಮೇಲೆಯೇ ತಿರುಗಿಸಿದಾಗ ಉತ್ತರ ಹೊಳೆಯಲಿಲ್ಲ. “ಹಾಗಾದರೆ ಕಲಿಸು ಮಾರಾಯ” ಎಂದೆ.

ಮರುದಿನ ಜಿಲ್ಲಾಧಿಕಾರಿಗಳು ಮಳೆಗಾಗಿ ಶಾಲೆಗಳಿಗೆ ರಜೆ ಸಾರಿದ್ದರು. ಚಾವಡಿಯಲ್ಲಿ ಚಾಪೆ ಹಾಸಿ ನಾನು, ನನ್ನ ಹೆಂಡತಿ, ತಂಗಿ, ಅಳಿಯ ನಾಲ್ವರೂ ಕುಳಿತೆವು. ದುಡ್ಡಿನ ಬದಲಿಗೆ ಹುಣಸೆ ಬೀಜ. ಆಟಿಯ ತಿಂಗಳಾದುದರಿಂದ ಚೆನ್ನೆಮಣೆ ಹೇಗೂ ಕೆಳಗಿಳಿದಿತ್ತು. ಅದರ ಕೆಂಪು ಮಂಜೊಟ್ಟಿ ಕಾಯಿ ಒಂದಕ್ಕೆ ಹತ್ತು ಹುಣಸೆ ಬೀಜದ ಬೆಲೆ ಎಂದು ಗೊತ್ತುಮಾಡಿದೆವು. ತಲೆಗೆ ಇನ್ನೂರು ಬೀಜದ ಬಂಡವಾಳ.

ಆಟದ ಕ್ರಮ ಸರಳವಾಗಿದೆ. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ. ಆಮೇಲೆ ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು ಎಲೆಯನ್ನು ತೆರೆಯುತ್ತಾರೆ. ತನ್ನ ಎರಡು, ನಡುವಿನ ಐದು, ಈ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಯಾರ ಜೋಡಣೆ ಮೇಲೋ ಅವನಿಗೆ ರಾಶಿ. ಎಲೆ ತೆರೆಯುವ ಮೊದಲೊಮ್ಮೆ, ತೆರೆದ ಒಂದೊಂದು ಹಂತದ ಬಳಿಕ ಒಂದೊಂದು ಬಾರಿ, ಹೀಗೆ ನಾಲ್ಕು ಸುತ್ತು ಪಣ. ಒಬ್ಬ ಪಣವೊಡ್ಡಿದರೆ ಉಳಿದವರು ಅಷ್ಟನ್ನೇ ತೆತ್ತು ಉಳಿಯಬೇಕು, ಇಲ್ಲವೆ ಏರಿಸಬೇಕು, ಇಲ್ಲವೆ ಎಲೆ ಮಡಚಿಟ್ಟು ಹೊರಗಾಗಬೇಕು. ‘ಮಿತಿಯಿಲ್ಲದ’ ಆಟವೆಂದರೆ, ತನ್ನ ಮುಂದೆ ಇರುವುದೆಲ್ಲವನ್ನೂ ಯಾವ ಕ್ಷಣದಲ್ಲಾದರೂ ಒಡ್ಡಬಹುದು. ಆದುದರಿಂದ ಪಣದ ಗಾತ್ರವೇ ಇಲ್ಲಿ ಒಂದು ಭಾಷೆ.

ಈ ಆಟ ಹುಟ್ಟಿದ್ದು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ. ಅಲ್ಲಿನ ರಾಬ್ಸ್‌ಟೌನ್ ಎಂಬ ಸಣ್ಣ ಪಟ್ಟಣವೇ ಇದರ ಜನ್ಮಸ್ಥಳವೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಮಾನ್ಯಮಾಡಿತು. ಲಾಸ್ ವೇಗಸ್ ನಗರದಲ್ಲಿ 1970ರಿಂದ ವರ್ಷಂಪ್ರತಿ ಇದರ ದೊಡ್ಡ ಪಂದ್ಯಾವಳಿ ನಡೆಯುತ್ತ ಬಂದಿದೆ. 2003ರಲ್ಲಿ, ನೂರು ಡಾಲರಿಗೂ ಕಡಮೆ ಹಣ ತೆತ್ತು ಕಂಪ್ಯೂಟರಿನ ಮೂಲಕ ಪ್ರವೇಶ ಗಳಿಸಿದ ಲೆಕ್ಕಪತ್ರದ ಗುಮಾಸ್ತನೊಬ್ಬ ಅಲ್ಲಿ ಇಪ್ಪತ್ತೈದು ಲಕ್ಷ ಡಾಲರ್ ಗೆದ್ದ. ಅಂದಿನಿಂದ ಪ್ರಪಂಚದ ಮೂಲೆಮೂಲೆಯ ಹುಡುಗರಿಗೂ ‘ನಾನೇಕೆ ಆಗಬಾರದು’ ಎಂಬ ಆಸೆ ಅಂಟಿಕೊಂಡಿತು. ನಮ್ಮ ಅಳಿಯನಿಗೂ ಅಂಟಿದ್ದು ಅದೇ.

ಮೂರು ದಿನ ಆಡಿದ ಬಳಿಕ ನಾನು ಅವನೊಡನೆ ಒಂದು ಮಾತು ಕೇಳಿದೆ: “ನೀನು ಆಡಿದ ಆಟಗಳ ದಾಖಲೆ ಉಂಟೋ?” ಮೊಬೈಲಿನಲ್ಲಿ ಎಲ್ಲವೂ ಉಳಿದಿತ್ತು. ಕೊನೆಯ ಇನ್ನೂರೈವತ್ತು ಆಟಗಳನ್ನು ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಬರೆದು ಕೊಡುವಂತೆ ಹೇಳಿದೆ. ವೃತ್ತಿಧರ್ಮ ಬಿಡಲಾರದೆ ಕೆಂಪು ಶಾಯಿಯ ಪೆನ್ನು ಹಿಡಿದು ತಿದ್ದಲು ಕುಳಿತೆ.

ಅವನು ಸೋತುದು ಕೆಟ್ಟ ಎಲೆಗಳಿಂದಲೆಂದು ನಾನು ಭಾವಿಸಿದ್ದೆ. ಹಾಗಿರಲಿಲ್ಲ. ಕೆಟ್ಟ ಎಲೆಗಳನ್ನು ಅವನು ಜಾಣತನದಿಂದಲೇ ಮಡಚಿಟ್ಟಿದ್ದ. ತನ್ನ ಕೈ ಬಲವಾಗಿತ್ತೆಂದು ಅವನೇ ಗುರುತುಹಾಕಿದ ಆಟಗಳು ಮೂವತ್ತೊಂದು. ಅವುಗಳಲ್ಲಿ ಇಪ್ಪತ್ತೆರಡರಲ್ಲಿ ಎದುರಾಳಿಗಳು ಬಹುಬೇಗ ಎದ್ದುಹೋಗಿದ್ದರು. ಅವನಿಗೆ ದಕ್ಕಿದ್ದು ಚಿಲ್ಲರೆ. ಉಳಿದ ಒಂಬತ್ತರಲ್ಲಿ ಆರನ್ನು ಸೋತಿದ್ದ. ಆ ಮೂವತ್ತೊಂದು ಆಟಗಳಿಂದ ಗಳಿಸಿದ್ದು ಹನ್ನೊಂದು ಸಾವಿರ. ಕಳೆದದ್ದು ಒಂದು ಲಕ್ಷದ ಮೂವತ್ತಾರು ಸಾವಿರ. ಅವನನ್ನು ಮುಳುಗಿಸಿದ್ದು ಒಳ್ಳೆಯ ಎಲೆಗಳೇ.

ಇದು ಹೇಗೆಂದು ಬಿಡಿಸಿ ನೋಡಿದಾಗ ಮೂರು ತಪ್ಪುಗಳು ಕಂಡುವು.

ಮೊದಲನೆಯದು ಅವಸರ. ಎರಡು ಎಕ್ಕಗಳು ಕೈಗೆ ಬಂದುವೆಂದು ಇಟ್ಟುಕೊಳ್ಳಿ. ಐವತ್ತೆರಡು ಎಲೆಗಳಿಂದ ಎರಡನ್ನು ಆರಿಸುವ ರೀತಿಗಳು 1326. ಎರಡೂ ಎಕ್ಕವಾಗುವ ರೀತಿಗಳು ಆರೇ. ಎಂದರೆ ಸರಾಸರಿ 221 ಆಟಕ್ಕೊಮ್ಮೆ ಬರುವ ಭಾಗ್ಯ. ಅಷ್ಟು ಕಾದು ಬಂದುದರಿಂದ ಹುಡುಗ ಉಬ್ಬಿ, ರಾಶಿಯ ನಾಲ್ಕೈದು ಪಟ್ಟು ಪಣವನ್ನು ಒಮ್ಮೆಲೇ ಸುರಿಯುತ್ತಿದ್ದ. ಉಳಿದವರು ಎಲೆ ಮಡಚಿಟ್ಟು ನಡೆಯುತ್ತಿದ್ದರು. ಇದರ ಮರ್ಮವನ್ನು ನನಗಿಂತ ಮೊದಲು ಕಂಡವಳು ತಂಗಿ. ಗಂಡ ತೀರಿಹೋದ ಮೇಲೆ ಹದಿನಾರು ವರ್ಷ ಅಡಿಕೆಯನ್ನು ಅಂಗಳದಲ್ಲೇ ನಿಂತು ಮಾರಿದವಳು ಅವಳು. “ಚಾಲಿ ಒಳ್ಳೆಯದುಂಟೆಂದು ವ್ಯಾಪಾರಿ ಅಂಗಳ ಇಳಿದು ಹೋಗುವಂಥ ಕ್ರಯ ಹೇಳಬಾರದು ಅಣ್ಣ. ಅವನು ತೂಗಿ ನೋಡಿ, ಕೊಡಬಹುದು ಅಂತ ಅನಿಸುವ ಕ್ರಯ ಹೇಳಬೇಕು” ಎಂದಳು.

ಇದನ್ನೇ ಕರಿಹಲಗೆಯ ಲೆಕ್ಕವಾಗಿ ಹೀಗೆ ಹೇಳಬಹುದು. ಕೊನೆಯ ಎಲೆಯೂ ತೆರೆದಾಯಿತು, ರಾಶಿಯಲ್ಲಿ ನೂರು ಬೀಜ, ನನ್ನ ಕೈಯೇ ಮೇಲೆಂದು ನನಗೆ ಗೊತ್ತು. ಮೂವತ್ತು ಬೀಜದ ಪಣವೊಡ್ಡಿದರೆ ಎದುರಾಳಿ ಹತ್ತರಲ್ಲಿ ಎಂಟು ಸಲ ತೆತ್ತಾನೆಂದು ಎಣಿಸೋಣ. ಸರಾಸರಿ ಲಾಭ ಇಪ್ಪತ್ತನಾಲ್ಕು. ಎಪ್ಪತ್ತು ಒಡ್ಡಿದರೆ ಹತ್ತರಲ್ಲಿ ಐದು ಸಲ, ಲಾಭ ಮೂವತ್ತೈದು. ಇನ್ನೂರು ಒಡ್ಡಿದರೆ ಹತ್ತರಲ್ಲಿ ಒಂದೇ ಸಲ, ಲಾಭ ಇಪ್ಪತ್ತು. ಅಂಜಿ ಕಡಮೆ ಕೇಳಿದವನಿಗೂ ನಷ್ಟ, ಅತಿಯಾಸೆಯಿಂದ ಹೆಚ್ಚು ಕೇಳಿದವನಿಗೂ ನಷ್ಟ. ಸರಿಯಾದ ಕ್ರಯ ಎಷ್ಟೆಂಬುದು ನನ್ನ ಕೈಯಲ್ಲಿರುವ ಎಲೆಯಿಂದ ಗೊತ್ತಾಗುವುದಿಲ್ಲ; ಎದುರಿಗಿರುವವನ ಕೈಯಲ್ಲಿ ಏನಿರಬಹುದು, ಅವನು ಎಷ್ಟರವರೆಗೆ ಬಿಡಲಾರ ಎಂಬುದರಿಂದ ಗೊತ್ತಾಗುತ್ತದೆ. ಅವನ ಕೈ ಬರಿದಾಗಿದ್ದರೆ ಯಾವ ಕ್ರಯಕ್ಕೂ ಅವನು ಕೊಳ್ಳುವವನಲ್ಲ. ಅವನಲ್ಲಿಯೂ ಒಂದು ಒಳ್ಳೆಯ ಜೋಡಿಯಿದ್ದರೆ ಮಾತ್ರ ನನ್ನ ಬಲಕ್ಕೆ ಬೆಲೆ. ಬಲವಾದ ಕೈಗೆ ಲಾಭ ತರುವವನು ಎದುರಿಗಿರುವ ಎರಡನೆಯ ಬಲಶಾಲಿ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದುದು: ಅತಿಯಾದ ಮೌನ. ಅವಸರದಿಂದ ಸೋತೆನೆಂದು ತಿಳಿದು ಹುಡುಗ ಕೆಲವು ದಿನ ಒಳ್ಳೆಯ ಕೈಯನ್ನು ಬಚ್ಚಿಟ್ಟುಕೊಂಡು, ಪಣವೊಡ್ಡದೆ, ಕೊನೆಯಲ್ಲಿ ಎರಗುವ ಉಪಾಯಕ್ಕೆ ತೊಡಗಿದ್ದ. ಕೇಳಲು ಇದು ಚೆನ್ನಾಗಿದೆ. ಬೆಕ್ಕು ಇಲಿಗಾಗಿ ಹೊಂಚಿದಂತೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ರಾಶಿಯಲ್ಲಿ ನೂರು ಬೀಜವಿರುವಾಗ ಮೂರು ಸುತ್ತಿನಲ್ಲಿಯೂ ಆಗಿನ ರಾಶಿಯ ಅರ್ಧದಷ್ಟು ಪಣವೊಡ್ಡಿ, ಎದುರಾಳಿ ಮೂರಕ್ಕೂ ತೆತ್ತನೆನ್ನೋಣ. ಐವತ್ತು, ನೂರು, ಇನ್ನೂರು. ಅವನಿಂದ ನನಗೆ ಬಂದದ್ದು ಮುನ್ನೂರೈವತ್ತು. ಮೊದಲ ಸುತ್ತಿನಲ್ಲಿ ಸುಮ್ಮನಿದ್ದು ಉಳಿದೆರಡರಲ್ಲಿ ಹಾಗೆಯೇ ಒಡ್ಡಿದರೆ ಐವತ್ತು, ನೂರು, ಒಟ್ಟು ನೂರೈವತ್ತು. ಒಂದು ಸುತ್ತಿನ ಮೌನಕ್ಕೆ ಇನ್ನೂರು ಬೀಜಗಳ ದಂಡ! ತಪ್ಪಿಹೋದ ಪಣ ಐವತ್ತರದ್ದೇ ಆದರೂ, ಪ್ರತಿ ಸುತ್ತಿನಲ್ಲಿ ರಾಶಿ ಇಮ್ಮಡಿಯಾಗುವುದರಿಂದ ಕೊನೆಯಲ್ಲಿ ಕೈಬಿಟ್ಟದ್ದು ಬಹಳ. ಗುಣೋತ್ತರ ಶ್ರೇಢಿಯನ್ನು ನಾನು ಎಷ್ಟೋ ಮಕ್ಕಳಿಗೆ ಚದುರಂಗದ ಮಣೆಯ ಅಕ್ಕಿಕಾಳಿನ ಕತೆಯಿಂದ ಕಲಿಸಿದ್ದೇನೆ. ಹುಣಸೆ ಬೀಜದಿಂದ ನಾನೇ ಮತ್ತೊಮ್ಮೆ ಕಲಿತೆ.

ಮೌನಕ್ಕೆ ಇನ್ನೊಂದು ದಂಡವೂ ಉಂಟು. ಒಂದೇ ಜಾತಿಯ ಐದು ಎಲೆ ಕೂಡಿಬಂದರೆ ಅದು ದೊಡ್ಡ ಕೈ. ಎದುರಾಳಿಗೆ ನಾಲ್ಕು ಕೂಡಿದೆ, ಐದನೆಯದಕ್ಕೆ ಕಾದಿದ್ದಾನೆ. ಅವನಿಗೆ ಕಾಣದ ನಲವತ್ತೇಳು ಎಲೆಗಳಲ್ಲಿ ಬೇಕಾದವು ಒಂಬತ್ತು. ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕಡಮೆಯ ಅವಕಾಶ. ನಾನು ಸುಮ್ಮನಿದ್ದರೆ ಆ ಎಲೆಯನ್ನು ಅವನು ಧರ್ಮಕ್ಕೆ ನೋಡುತ್ತಾನೆ. ನಾನು ಅರ್ಧ ರಾಶಿ ಒಡ್ಡಿದರೆ ನೂರೈವತ್ತನ್ನು ಗೆಲ್ಲಲು ಅವನು ಐವತ್ತು ತೆರಬೇಕು. ನಾಲ್ಕರಲ್ಲಿ ಒಂದು ಸಲವಾದರೂ ಎಲೆ ಬಂದರೆ ಮಾತ್ರ ಅವನಿಗೆ ಗಿಟ್ಟೀತು. ಮುಂದಿನ ಸುತ್ತುಗಳ ಆಸೆಯನ್ನು ಬದಿಗಿಟ್ಟರೆ ಆ ಕ್ರಯ ಅವನಿಗೆ ದುಬಾರಿ. ಮೌನ ಸಲ್ಲುವ ಸಂದರ್ಭಗಳು ಇಲ್ಲವೆಂದಲ್ಲ. ನಡುವಿನ ಎಲೆಗಳು ಯಾರಿಗೂ ಕೂಡಿಬರುವಂತಿಲ್ಲದಿದ್ದಾಗ, ಅಥವಾ ಎದುರಾಳಿ ತಾನಾಗಿಯೇ ಪಣ ಸುರಿಯುವ ಸ್ವಭಾವದವನಾದಾಗ, ಅವನ ಕೈಯಿಂದಲೇ ರಾಶಿಯನ್ನು ಬೆಳೆಸಲು ಬಿಡುವುದು ಜಾಣತನ. ತಾಳಮದ್ದಳೆಯಲ್ಲಿ ನುರಿತ ಅರ್ಥಧಾರಿ ತನ್ನ ಬಲವಾದ ಮಾತನ್ನು ಒಡನೆ ಆಡಿಬಿಡುವುದಿಲ್ಲ. ಇದಿರು ಅರ್ಥಧಾರಿ ಹುರುಪಿನಿಂದ ಮುಂದೆ ಮುಂದೆ ಬರಲೆಂದು ಬಿಟ್ಟು, ಹಿಂದಿರುಗಲಾರದ ಕಡೆಯಲ್ಲಿ ಹಿಡಿಯುತ್ತಾನೆ. ಆದರೆ ಅದು ಇದಿರಾದವನು ಮಾತುಗಾರನಾಗಿದ್ದಾಗ ಮಾತ್ರ. ಮೂಗನ ಮುಂದೆ ಮೌನವಾಗಿ ಕುಳಿತರೆ ಪ್ರಸಂಗ ಬೆಳಗಾಗುವವರೆಗೂ ಮುಂದುವರಿಯಲಾರದು.

ಮೂರನೆಯ ತಪ್ಪೇ ಮನೆ ಮುಳುಗಿಸುವಂಥದು: ಬಲ ಹೋದ ಮೇಲೂ ಬಲವಿದೆಯೆಂಬ ಭ್ರಮೆ. ಒಂದು ಆಟದಲ್ಲಿ ಅಳಿಯನಿಗೆ ಜೋಡಿ ಎಕ್ಕ. ನಡುವೆ ರಾಜ, ಎಂಟು, ನಾಲ್ಕು. ಅವನು ಪಣವೊಡ್ಡಿದ, ಅದುವರೆಗೆ ಸೊಲ್ಲೆತ್ತದಿದ್ದ ಒಬ್ಬ ಅದನ್ನು ಮೂರು ಪಟ್ಟು ಏರಿಸಿದ. ಅಳಿಯ ಇದ್ದುದೆಲ್ಲವನ್ನೂ ತಳ್ಳಿದ. ಎದುರಾಳಿಯ ಕೈಯಲ್ಲಿ ಜೋಡಿ ಎಂಟು. ನಡುವಿನದೂ ಸೇರಿ ಮೂರು. ನಲವತ್ತೆರಡು ಸಾವಿರ ರೂಪಾಯಿ ಒಂದೇ ಆಟದಲ್ಲಿ ಹೋಯಿತು. ಆ ಪುಟದ ಅಂಚಿನಲ್ಲಿ ನಾನು ಕೆಂಪಿನಲ್ಲಿ ಬರೆದೆ: ‘ಇಲ್ಲಿ ಎದುರಾಳಿ ಏನು ಹೇಳುತ್ತಿದ್ದಾನೆ? ಕೇಳಿಸಿಕೊಂಡೆಯಾ?’

ಜೋಡಿ ಎಕ್ಕವೆಂಬುದು ಒಬ್ಬ ಎದುರಾಳಿಯ ಮುಂದೆ ನೂರರಲ್ಲಿ ಸುಮಾರು ಎಂಬತ್ತೈದು ಸಲ ಗೆಲ್ಲುವ ಕೈ. ಒಂಬತ್ತು ಮಂದಿ ಕೊನೆಯವರೆಗೂ ಎದುರಿಗೆ ಉಳಿದರೆ ಅದೇ ಕೈ ಗೆಲ್ಲುವುದು ಮೂವತ್ತೊಂದರಷ್ಟು ಸಲ. ಎಲೆ ಅದೇ, ಸಂದರ್ಭ ಬೇರೆ. ಆದುದರಿಂದಲೇ ಆರಂಭದಲ್ಲಿ ತಕ್ಕ ಪಣವೊಡ್ಡಿ ಎದುರಾಳಿಗಳನ್ನು ಒಂದಿಬ್ಬರಿಗೆ ಇಳಿಸಿಕೊಳ್ಳಬೇಕು. ಬಲವೆಂಬುದು ನಮ್ಮ ಕೈಯಲ್ಲಿ ಅಚ್ಚೊತ್ತಿಕೊಂಡು ಬಂದ ಸೊತ್ತಲ್ಲ. ನಡುವೆ ಒಂದೊಂದು ಎಲೆ ತೆರೆದಂತೆಲ್ಲ ಅದನ್ನು ಮತ್ತೆ ತೂಗಿ ನೋಡಬೇಕು.

ಒಳ್ಳೆಯ ಕೈಗೆ ಬೆಲೆ ಬರಬೇಕಾದರೆ ಕೆಲವೊಮ್ಮೆ ಬರಿಗೈಯಲ್ಲಿಯೂ ಪಣವೊಡ್ಡಬೇಕೆಂಬ ವಿಚಾರ ಮಾತ್ರ ನನ್ನ ಗಂಟಲಲ್ಲಿ ಬಹಳ ದಿನ ಇಳಿಯಲಿಲ್ಲ. ಬಲವಿದ್ದಾಗ ಮಾತ್ರ ಒಡ್ಡುವವನ ಗುಟ್ಟು ನಾಲ್ಕು ದಿನಗಳಲ್ಲಿ ರಟ್ಟಾಗುತ್ತದೆ. ಆಮೇಲೆ ಯಾರೂ ಅವನಿಗೆ ತೆರುವುದಿಲ್ಲ. ರಾಶಿಯಷ್ಟೇ ಪಣವೊಡ್ಡುವವನು ಕೊನೆಯ ಸುತ್ತಿನಲ್ಲಿ ಎರಡು ನಿಜಕ್ಕೆ ಒಂದು ಹುಸಿಯನ್ನು ಬೆರೆಸಿದರೆ, ತೆತ್ತರೂ ಮಡಚಿದರೂ ಎದುರಾಳಿಗೆ ಒಂದೇ ಫಲವಾಗುವಂತೆ ಲೆಕ್ಕ ಕೂಡುತ್ತದೆ. ಜಾನ್ ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞ 1928ರಲ್ಲಿಯೇ ಇಂಥ ಆಟಗಳ ಗಣಿತವನ್ನು ಬರೆದ. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನನೊಡನೆ ಹೊರತಂದ ದೊಡ್ಡ ಗ್ರಂಥದಲ್ಲಿ, ಪೋಕರಿನ ಹುಸಿಪಣ ಪುಂಡಾಟವಲ್ಲ, ಸರಿಯಾದ ಆಟದ ಅಂಗವೇ ಎಂದು ತೋರಿಸಿಕೊಟ್ಟ. ಲೆಕ್ಕವನ್ನು ಒಪ್ಪಿದೆ. ಆದರೆ ನನ್ನಿಂದ ಆಗಲಿಲ್ಲ. ನಾನು ಹುಸಿಪಣ ಒಡ್ಡಿದಾಗಲೆಲ್ಲ ಮೂವರೂ ನಕ್ಕು ತೆತ್ತುಬಿಡುತ್ತಿದ್ದರು. ಒಳ್ಳೆಯ ಎಲೆ ಬಂದಾಗಲೋ ಅವರು ಕೂಡಲೇ ಮಡಚುತ್ತಿದ್ದರು. ಕಾರಣವನ್ನು ಒಂದು ವಾರದ ಮೇಲೆ ಹೆಂಡತಿ ಹೇಳಿದಳು: ಕೈ ಬಲವಾದ ಕೂಡಲೇ ನಾನು ಎಲೆವಸ್ತ್ರದ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆನಂತೆ!

ನಮ್ಮಲ್ಲಿ ಹೆಚ್ಚು ಗೆದ್ದವಳು ತಂಗಿ. ಒಂದು ರಾತ್ರಿ ಅವಳ ಕೈಯಲ್ಲಿ ಜೋಡಿ ನಾಲ್ಕು. ನಡುವೆ ಒಂದು ನಾಲ್ಕು, ಎರಡು ರಾಜ. ನನ್ನ ಕೈಯಲ್ಲಿ ಮತ್ತೊಂದು ರಾಜ. ಅವಳು ಮುಖದಲ್ಲಿ ಒಂದು ಗೆರೆ ಕದಲಿಸದೆ ಮೊದಲು ಹದಿನೈದು, ಆಮೇಲೆ ನಲವತ್ತು, ಕೊನೆಗೆ ನೂರು ಬೀಜ ಕೇಳಿದಳು. ಮೂರು ಸಲವೂ ‘ಇಷ್ಟು ತೆರಬಹುದು’ ಎಂದೇ ನನಗೆ ತೋರಿತು. ಎಲೆ ತೆರೆದಾಗ ನನ್ನ ಬಂಡವಾಳದ ಮುಕ್ಕಾಲು ಪಾಲು ಅವಳ ಮಡಿಲಿನಲ್ಲಿತ್ತು.

ಇಷ್ಟಾದ ಮೇಲೆ ಅಳಿಯನ ಆಟ ನಿಜವಾಗಿಯೂ ಸುಧಾರಿಸಿತು. ಅದೇ ನನಗೆ ಭಯವಾಯಿತು. “ಮಾವಾ, ಈಗ ತಪ್ಪು ಗೊತ್ತಾಯಿತಲ್ಲ, ಆರು ತಿಂಗಳಲ್ಲಿ ಸಾಲ ತೀರಿಸಿಯೇನು” ಎಂದು ಒಂದು ಬೆಳಗ್ಗೆ ಹೇಳಿದ. ತಂಗಿ ನನ್ನ ಮುಖವನ್ನು ನೋಡಿದಳು. ಹುಡುಗನನ್ನು ತಿದ್ದಹೋಗಿ ಹೊಂಡಕ್ಕೆ ಇನ್ನಷ್ಟು ಚೆನ್ನಾಗಿ ಇಳಿಯುವುದನ್ನು ಕಲಿಸಿದೆನೇ ಎಂಬ ಚಿಂತೆಯಲ್ಲಿ ಅಂದು ಶಾಲೆಯಲ್ಲಿ ಹಾಜರಿ ಪುಸ್ತಕವನ್ನೇ ತಪ್ಪು ತುಂಬಿದೆ.

ರಾತ್ರಿ ಆಟಕ್ಕೆ ಕುಳಿತಾಗ ನಾನು ಒಂದು ಚೆಂಬನ್ನು ತಂದು ಪಕ್ಕದಲ್ಲಿಟ್ಟೆ. ಮೊಬೈಲಿನ ಆಟದಲ್ಲಿ ಆಡಿಸುವವರು ಪ್ರತಿ ರಾಶಿಯಿಂದಲೂ ಒಂದು ಪಾಲನ್ನು ಮುರಿದುಕೊಳ್ಳುತ್ತಾರೆಂದು ಅವನೇ ಹೇಳಿದ್ದ. “ಇವತ್ತು ನೂರಕ್ಕೆ ಐದು ಬೀಜ ಚೆಂಬಿಗೆ” ಎಂದೆ. ನಾಲ್ವರಲ್ಲಿ ಒಟ್ಟು ಇದ್ದುದು ಎಂಟುನೂರು ಬೀಜ. ಅಂದು ನಲವತ್ತು ಆಟವಾಯಿತು; ಸರಾಸರಿ ನೂರರ ರಾಶಿ. ಕೊನೆಯಲ್ಲಿ ಚೆಂಬನ್ನು ಚಾಪೆಯ ಮೇಲೆ ಬೋರಲು ಹಾಕಿದೆ. ಇನ್ನೂರು ಬೀಜ. ಎಲೆಯನ್ನೇ ಮುಟ್ಟದ ಚೆಂಬು ಒಟ್ಟು ಬಂಡವಾಳದ ಕಾಲುಭಾಗವನ್ನು ಗೆದ್ದುಕೊಂಡಿತ್ತು. ಇನ್ನೊಂದೆರಡು ರಾತ್ರಿ ಹೀಗೆಯೇ ಸಾಗಿದರೆ ನಾಲ್ವರಿಗೂ ಉಳಿಯುವುದೇನೆಂದು ನಾನು ಕೇಳಲಿಲ್ಲ. ಹುಡುಗ ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿ ಎರಡು ಸಲ ಎಣಿಸಿದ. ಬಹಳ ಹೊತ್ತು ಸುಮ್ಮನಿದ್ದ. “ನನಗಿಂತ ಬಹಳ ದಡ್ಡರು ಎದುರಿಗಿದ್ದರೆ ಮಾತ್ರ ಗೆಲ್ಲಬಹುದು, ಅಲ್ಲವಾ ಮಾವ?” ಎಂದ. “ಅವರೂ ಯಾರದೋ ಮಕ್ಕಳು” ಎಂದಳು ತಂಗಿ.

ನಳಮಹಾರಾಜನ ಕತೆ ನಮಗೆಲ್ಲ ತಿಳಿದದ್ದೇ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ಅವನು ಋತುಪರ್ಣನ ಸಾರಥಿಯಾಗಿ ಹೋಗುತ್ತಿದ್ದಾಗ, ಆ ಅರಸ ದಾರಿಬದಿಯ ತಾರೆಮರದ ಎಲೆಗಳನ್ನೂ ಕಾಯಿಗಳನ್ನೂ ನೋಟಮಾತ್ರದಿಂದ ಎಣಿಸಿ ಹೇಳುತ್ತಾನೆ. ನಳ ರಥವಿಳಿದು ಮರವನ್ನು ಕಡಿದು ಎಣಿಸಿ ನೋಡುತ್ತಾನೆ; ಲೆಕ್ಕ ಸರಿಯಾಗಿರುತ್ತದೆ. ಆಗ ತನ್ನ ಅಶ್ವಹೃದಯವನ್ನು ಕೊಡುವೆನೆಂದು ಹೇಳಿ ಅಕ್ಷಹೃದಯವನ್ನು ಕಲಿಯುತ್ತಾನೆ. ಎಣಿಕೆಗೂ ದಾಳಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಅಂದೇ ಕಂಡಿದ್ದರು. ವಿದ್ಯೆ ಕೈವಶವಾದ ಮೇಲೆ ನಳನು ಪುಷ್ಕರನೊಡನೆ ಮತ್ತೊಮ್ಮೆ ಆಡಿ ಕಳೆದುದನ್ನು ಪಡೆದ. ಸೋತವನಿಗೆ ಅವನ ಪಾಲನ್ನು ಹಿಂದೆ ಕೊಟ್ಟು ಕಳುಹಿದ. ಅಕ್ಷಹೃದಯ ಬಂದಿತೆಂದು ಅವನು ಊರೂರು ಸುತ್ತಿ ದ್ಯೂತಕ್ಕೆ ಕುಳಿತನೆಂದು ಕತೆಯಲ್ಲಿ ಇಲ್ಲ. ಹುಡುಗನಿಗೆ ನಾನು ಈ ಕತೆಯನ್ನು ಹೇಳಿದೆ, ವ್ಯಾಖ್ಯಾನ ಮಾಡಲಿಲ್ಲ.

ಅವನು ಮೊಬೈಲಿನಿಂದ ಆ ಆಟವನ್ನು ಅಂದೇ ತೆಗೆದುಹಾಕಿದನೆಂದರೆ ಸುಳ್ಳಾದೀತು. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಆಡಿ ಎಂಟು ಸಾವಿರ ಸೋತು, ತಾನಾಗಿಯೇ ಫೋನು ಮಾಡಿ ತಾಯಿಗೆ ತಿಳಿಸಿದ. ಆ ಬಳಿಕ ಆಡಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ತೊಡಗಿಸಿ ಆಡುವ ಅಂತರ್ಜಾಲದ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ಕಾನೂನು ಬಂದುದು ಒಳ್ಳೆಯದೇ. ಅದಕ್ಕೆ ಮೊದಲು ಹುಡುಗ ತಾನಾಗಿ ನಿಲ್ಲಿಸಿದ್ದನೆಂಬುದು ನಮಗೆ ಹೆಚ್ಚಿನ ಸಮಾಧಾನ. ಸಾಲದ ಕಂತು ತಿಂಗಳು ತಿಂಗಳು ಸಂಬಳದಿಂದ ಹೋಗುತ್ತಿದೆ; ಇನ್ನೂ ಮುಗಿದಿಲ್ಲ.

ಆದರೆ ನನ್ನ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಅಳಿಯನ ಕಾಪಿ ಪುಸ್ತಕದಲ್ಲಿ ‘ಒಳ್ಳೆಯ ಕೈ, ಸುಮ್ಮನಿದ್ದು ಹಾಳುಮಾಡಿದೆ’ ಎಂದು ನಾನು ಕೆಂಪಿನಲ್ಲಿ ಬರೆದ ಪುಟಗಳು ನನ್ನನ್ನೇ ಕಾಡತೊಡಗಿದುವು. 2009ರಲ್ಲಿ ನನ್ನ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕೂಲಿ ಮಾಡುವವನ ಮಗಳು. ಭಿನ್ನರಾಶಿಯ ಲೆಕ್ಕಗಳನ್ನು ಬಾಯಲ್ಲಿಯೇ ಬಿಡಿಸುತ್ತಿದ್ದಳು. ಅಂಥ ಮಕ್ಕಳನ್ನು ಆರಿಸಿಕೊಳ್ಳುವ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಐದನೆಯಲ್ಲಿ ಮಾತ್ರ ಅವಕಾಶ, ಅದೂ ಒಂದೇ ಸಲ. ನಾನು ಅರ್ಜಿಯನ್ನು ತರಿಸಿ ಮೇಜಿನೊಳಗೆ ಇಟ್ಟಿದ್ದೆ. ಒಬ್ಬಳನ್ನೇ ಎತ್ತಿ ಆಡಿದರೆ ಉಳಿದ ಮಕ್ಕಳಿಗೆ ಬೇಸರವಾದೀತು, ಅವಳು ಇನ್ನೂ ಸ್ವಲ್ಪ ಪಳಗಲಿ, ಅವಳಿಗೇನು, ಸಿಕ್ಕಿಯೇ ಸಿಗುತ್ತದೆ, ಹೀಗೆಲ್ಲ ಎಣಿಸಿದೆ. ತಂದೆ ಪ್ರಮಾಣಪತ್ರ ತರುವನೆಂದು ಕಾದೆ. ಅವನ ಮನೆ ಶಾಲೆಯಿಂದ ಒಂದು ಮೈಲಿ, ನಾನು ಹೋಗಲಿಲ್ಲ. ಕೊನೆಯ ದಿನಾಂಕ ದಾಟಿದ್ದು ಎರಡು ದಿನ ಕಳೆದ ಮೇಲೆ ಗಮನಕ್ಕೆ ಬಂತು. ಮೂವತ್ತು ವರ್ಷದ ನನ್ನ ಅಧ್ಯಾಪನದಲ್ಲಿ ಬಂದ ಅತ್ಯಂತ ಬಲವಾದ ಕೈ ಅದು. ಪಣವೊಡ್ಡದೆಯೇ ಎಲೆ ಮಡಚಿದ್ದೆ. ಸೋತವಳು ಅವಳು.

2024ರ ಓಣಂ ಸಮಯದಲ್ಲಿ ಪೇಟೆಯ ಜವಳಿ ಅಂಗಡಿಯೊಂದಕ್ಕೆ ಹೋಗಿದ್ದೆ. ಬಟ್ಟೆ ತೋರಿಸುತ್ತಿದ್ದ ಹೆಣ್ಣುಮಗಳು ಏಳು ಬಗೆಯ ಕ್ರಯಗಳನ್ನು ಯಂತ್ರ ಕೂಡಿಸುವ ಮೊದಲೇ ಕೂಡಿಸಿ ಹೇಳಿದಳು. ತಲೆಯೆತ್ತಿ ನೋಡಿದರೆ ಅವಳೇ. ನನ್ನನ್ನು ಕಂಡು ಸಂತೋಷಪಟ್ಟಳು. ಕುಡಿಯಲು ನೀರು ತಂದುಕೊಟ್ಟಳು. “ಸರ್, ಮುಂದಿನ ಜೂನಿಗೆ ನನ್ನ ಮಗಳನ್ನು ನಿಮ್ಮ ಶಾಲೆಗೇ ಸೇರಿಸುತ್ತೇನೆ, ಕನ್ನಡಕ್ಕೇ” ಎಂದಳು. ಅರ್ಜಿಯ ವಿಷಯ ಅವಳಿಗೆ ಇಂದಿಗೂ ಗೊತ್ತಿಲ್ಲ. ಹೇಳಬೇಕೆಂದು ನಾಲಗೆಯ ತುದಿಗೆ ಬಂತು, ಗಿರಾಕಿಗಳು ಕಾದಿದ್ದರು, ಹೇಳಲಿಲ್ಲ.

ಆ ಮಗು 2025ರ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿತು. ತಾಯಿಯ ಲೆಕ್ಕ ಅದಕ್ಕೆ ಬಂದಿದೆಯೋ ಇಲ್ಲವೋ ಇನ್ನೂ ಹೇಳಲಾಗದು. ಅದು ಐದನೆಯ ತರಗತಿಗೆ ಬರುವ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಒಂದನೆಯ ತರಗತಿಯ ಕಿರಿಯ ಅಧ್ಯಾಪಿಕೆಗೆ ನನ್ನ 2009ರ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ. ಯಾವ ಮಗುವಿನಲ್ಲಿ ಯಾವ ಬಲ ಕಂಡರೂ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಅರ್ಜಿಗಳ ದಿನಾಂಕವನ್ನು ಅದರ ಮೊದಲ ಪುಟದಲ್ಲಿ ಗುರುತಿಸಬೇಕು, ತಂದೆತಾಯಿ ಬಾರದಿದ್ದರೆ ನಾವೇ ಅವರ ಅಂಗಳಕ್ಕೆ ಹೋಗಬೇಕು ಎಂದು ಗೊತ್ತುಮಾಡಿದ್ದೇವೆ. ಪುಸ್ತಕದಲ್ಲಿ ಈಗಾಗಲೇ ಹನ್ನೊಂದು ಹೆಸರುಗಳಿವೆ. ಅವುಗಳಲ್ಲಿ ಒಂದು ಹೆಸರಿನ ಮನೆಗೆ ಬರುವ ಶನಿವಾರ ಹೋಗುವವನಿದ್ದೇನೆ. ಕಾಡುದಾರಿ, ತೋಡು ದಾಟಬೇಕು. ಮಳೆ ಬಿಡಲಿ ಎಂದು ಕಾಯುವುದಿಲ್ಲ.